ಸ್ಕಾಟ್ಲೆಂಡಿನ ಹಳೆಯ ವಿಲ್ಲಾ ನಕ್ಷೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಊರಾಚೆ ಎದ್ದ ವಿಲ್ಲಾಗಳ ಕೈನಕ್ಷೆಗಳು ಈಗ ಹಲವು ಸಂಗ್ರಹಾಲಯಗಳ ಜಾಲತಾಣಗಳಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ಅವನ್ನು ಓದಲು ಕೂತವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಪಳಗಿದ ವಾಸ್ತುಶಿಲ್ಪಿಯೊಬ್ಬರು ಮತ್ತು ಕಾಗದ ಸಂರಕ್ಷಕರೊಬ್ಬರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇವಿಸ್‌ಬ್ಯಾಂಕ್ ಮನೆಯನ್ನು ವಿಲ್ಲಾ ಎನ್ನುತ್ತಾರೆ, ಹೋಪ್‌ಟನ್ ಹೌಸನ್ನು ಹಾಗೆ ಕರೆಯುವುದಿಲ್ಲ. ಎರಡೂ ಸಿರಿವಂತರ ಮನೆಗಳೇ. ಬರೀ ನಕ್ಷೆ ನೋಡಿ ವ್ಯತ್ಯಾಸ ಹೇಳಲು ಬರುತ್ತದೆಯೇ?
— ವಾಸ್ತುಶಿಲ್ಪ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬರುತ್ತದೆ. ಎಲಿವೇಶನ್ (ಮನೆಯ ಮುಖವನ್ನು ಎದುರಿನಿಂದ ತೋರಿಸುವ ನಕ್ಷೆ) ಬಿಟ್ಟು ಮೊದಲು ಪ್ರಧಾನ ಅಂತಸ್ತಿನ ಪ್ಲಾನ್ (ಗೋಡೆಗಳನ್ನು ಅಡ್ಡಲಾಗಿ ಕತ್ತರಿಸಿ ಮೇಲಿಂದ ನೋಡಿದಂತೆ ತೋರಿಸುವ ನಕ್ಷೆ) ನೋಡಿ. ಜಮೀನುದಾರಿ ಮನೆತನದ ದೊಡ್ಡ ಮನೆಯಲ್ಲಿ ಗಣ್ಯ ಅತಿಥಿಗಳಿಗಾಗಿ ಒಂದರ ಹಿಂದೊಂದು ಕೋಣೆಗಳ ಸಾಲು ಇರುತ್ತದೆ, ಬಾಗಿಲುಗಳೆಲ್ಲ ಒಂದೇ ನೇರದಲ್ಲಿ. ವಿಲ್ಲಾದಲ್ಲಿ ಆ ಸಾಲು ಮುರಿದುಹೋಗಿದೆ. ನಡುವೆ ಹಾಲ್, ಅದಕ್ಕೆ ತಾಗಿ ಮೆಟ್ಟಿಲು, ಸುತ್ತ ನಾಲ್ಕೈದು ಕೋಣೆ, ಅಷ್ಟೇ. ಒಂದು ಕುಟುಂಬ ಕೆಲವು ದಿನ ಬಂದು ಇದ್ದು ಹೋಗುವಷ್ಟು ಜಾಗ.

ಮೇವಿಸ್‌ಬ್ಯಾಂಕ್ ಇರುವುದು ಎಡಿನ್‌ಬರೋದ ದಕ್ಷಿಣಕ್ಕೆ, ಲೋನ್‌ಹೆಡ್ ಬಳಿ. ಕಟ್ಟಿಸಿದವರು ಸರ್ ಜಾನ್ ಕ್ಲಾರ್ಕ್ (1676–1755). ಅವರ ವಂಶದ ಮುಖ್ಯ ಮನೆ ಪೆನಿಕುಕ್‌ನಲ್ಲಿತ್ತು. ಎಡಿನ್‌ಬರೋದಲ್ಲಿ ಎಕ್ಸ್‌ಚೆಕರ್ ನ್ಯಾಯಾಲಯದ (ಸರ್ಕಾರದ ಆದಾಯದ ವ್ಯಾಜ್ಯಗಳ ನ್ಯಾಯಾಲಯ) ಕೆಲಸ. ನಗರದಿಂದ ಕುದುರೆಯ ಮೇಲೆ ಬೇಗ ತಲುಪುವ ಒಂದು ಚಿಕ್ಕ ಮನೆ ಅವರಿಗೆ ಬೇಕಿತ್ತು. ವಾಸ್ತುಶಿಲ್ಪಿ ವಿಲಿಯಂ ಆಡಮ್ (1689–1748) ಜೊತೆ ಕೂತು ಅವರೇ ವಿನ್ಯಾಸ ಮಾಡಿದರು. 1723ರಲ್ಲಿ ಕೆಲಸ ಶುರುವಾಯಿತು. ಇನ್ನೊಂದು ಅಂತಸ್ತು ಏರಿಸೋಣ ಎಂದು ಆಡಮ್ ಹೇಳಿದಾಗ, ಮನೆ ಗೋಪುರದಂತೆ ಕಂಡು ಕೆಟ್ಟುಹೋಗುತ್ತದೆ ಎಂದು ಕ್ಲಾರ್ಕ್ ಒಪ್ಪಲಿಲ್ಲ. ಅವರ ಮಾತೇ ಸರಿ ಎಂಬುದು ನಮ್ಮ ಅಭಿಪ್ರಾಯ. ಮುಂಭಾಗದ ಎಲಿವೇಶನ್ ಮೇಲೆ ಒಂದು ಅಂತಸ್ತಿನಷ್ಟು ಕಾಗದ ಇಟ್ಟು ನೋಡಿ: ಪೆಡಿಮೆಂಟ್ (ಮುಂಭಾಗದ ನೆತ್ತಿಯ ತ್ರಿಕೋನ) ಮೇಲಕ್ಕೆ ಹೋದ ಕೂಡಲೇ ಎರಡೂ ಬದಿಯ ಪುಟ್ಟ ಕಟ್ಟಡಗಳಾದ ಪೆವಿಲಿಯನ್‌ಗಳಿಗೂ ನಡುಮನೆಗೂ ಸಂಬಂಧವೇ ಉಳಿಯುವುದಿಲ್ಲ.

ಎರಡನೆಯ ಗುರುತು ಅಡುಗೆಮನೆ. ಅದು ನೆಲಮಾಳಿಗೆಯಲ್ಲಿದೆಯೋ, ಪಕ್ಕದ ಪೆವಿಲಿಯನ್‌ನಲ್ಲಿದೆಯೋ, ಬೇರೆ ಅಂಗಳದಲ್ಲಿದೆಯೋ ಎಂದು ಹುಡುಕಿ. ಇಡೀ ಮನೆಯ ಎತ್ತರವನ್ನು ನಿರ್ಧರಿಸುವುದೇ ಅದು. ನೆಲಮಾಳಿಗೆಯಲ್ಲಿದ್ದರೆ ಪ್ರಧಾನ ಅಂತಸ್ತು ಮೇಲೇಳುತ್ತದೆ, ಹೊರಗೆ ಮೆಟ್ಟಿಲ ಸಾಲು ಬೇಕಾಗುತ್ತದೆ. ವಾಸ್ತುಶಿಲ್ಪಿ ಸರ್ ವಿಲಿಯಂ ಚೇಂಬರ್ಸ್ ಎಡಿನ್‌ಬರೋದ ಪಕ್ಕದಲ್ಲೇ 1763–68ರಲ್ಲಿ ಕಟ್ಟಿದ ಡಡಿಂಗ್‌ಸ್ಟನ್ ಹೌಸ್‌ನಲ್ಲಿ ಅಡುಗೆ, ಆಳುಕಾಳು, ಕುದುರೆಲಾಯ ಎಲ್ಲವನ್ನೂ ಬದಿಯ ಅಂಗಳಕ್ಕೆ ಸರಿಸಿದರು. ಹಾಗಾಗಿ ಕೊರಿಂಥಿಯನ್ ಕಂಬಗಳ ಪೋರ್ಟಿಕೋ (ಮುಖಮಂಟಪ) ಕೆಲವೇ ಮೆಟ್ಟಿಲ ಮೇಲೆ, ಹೆಚ್ಚುಕಡಿಮೆ ಹುಲ್ಲಿನ ಮಟ್ಟದಲ್ಲೇ ನಿಂತಿದೆ. ಎಲಿವೇಶನ್ನಿನಲ್ಲಿ ಕಾಣುವ ಆ ಧೈರ್ಯದ ಕಾರಣ ಪ್ಲಾನಿನ ಮೂಲೆಯಲ್ಲಿದೆ.

ಪ್ರಶ್ನೆ: ಹಳೆಯ ಪ್ಲಾನೊಂದನ್ನು ಇಳಿಸಿಕೊಂಡು ಎ3 ಕಾಗದದಲ್ಲಿ ಮುದ್ರಿಸಿ ಸ್ಕೇಲ್ ಇಟ್ಟು ಅಳೆದೆ. ಒಂದು ಕೋಣೆಗೆ 18 ಅಡಿ 6 ಇಂಚು ಎಂದು ನಕ್ಷೆಯಲ್ಲೇ ಬರೆದಿರುವಂತಿದೆ, ನನಗೆ ಬರುವ ಲೆಕ್ಕ ಬೇರೆ. ಅಗಲ ಸರಿ ಬಂದರೆ ಉದ್ದ ಸರಿ ಬರುವುದಿಲ್ಲ. ತಪ್ಪು ಎಲ್ಲಿ?
— ಸಿವಿಲ್ ಎಂಜಿನಿಯರ್, ಧಾರವಾಡ

ಉತ್ತರ: ತಪ್ಪು ಒಂದೇ ಕಡೆ ಇರಲಿಕ್ಕಿಲ್ಲ, ಒಂದೊಂದಾಗಿ ನೋಡೋಣ.

ನಿಮ್ಮ ಸ್ಕೇಲನ್ನು ಪಕ್ಕಕ್ಕಿಡಿ. ಮುದ್ರಿತ ಪ್ರತಿಯಲ್ಲಿ ಮೂಲದ ಅನುಪಾತ ಉಳಿದಿರುವುದಿಲ್ಲ; ನಕ್ಷೆಯ ಕೆಳಗೆ ಬರೆದಿರುವ ಅಳತೆ ಪಟ್ಟಿಯೊಂದೇ ಆಧಾರ. ನಿಮ್ಮ ಪ್ರತಿಯಲ್ಲಿ 50 ಅಡಿಯ ಪಟ್ಟಿ 92 ಮಿ.ಮೀ. ಇದೆ ಎನ್ನಿ. ಒಂದು ಅಡಿಗೆ 1.84 ಮಿ.ಮೀ. ಆಯಿತು. 33 ಮಿ.ಮೀ. ಇರುವ ಕೋಣೆ ಸುಮಾರು 18 ಅಡಿ, 5 ಮಿ.ಮೀ. ಇರುವ ಗೋಡೆ ಸುಮಾರು 2 ಅಡಿ 9 ಇಂಚು. ಗೋಡೆಯ ದಪ್ಪ ಒಳ್ಳೆಯ ಪರೀಕ್ಷೆ. ಸ್ಕಾಟ್ಲೆಂಡಿನ ಕಾಡುಗಲ್ಲಿನ ಹೊರಗೋಡೆ ಸಾಮಾನ್ಯವಾಗಿ ಎರಡೂವರೆ, ಮೂರು ಅಡಿ ಇರುತ್ತದೆ. ನಿಮಗೆ ಒಂದೂವರೆ ಅಡಿಯೋ ಐದು ಅಡಿಯೋ ಬಂದರೆ ಪಟ್ಟಿಯನ್ನು ತಪ್ಪಾಗಿ ಓದಿದ್ದೀರಿ. ಪಟ್ಟಿಯ ಎಡತುದಿಯಲ್ಲಿ ಮೊದಲ 10 ಅಡಿಯನ್ನು ಒಂದೊಂದೇ ಅಡಿಯಾಗಿ ಹಂಚಿ, ಸೊನ್ನೆಯನ್ನು ಆ ಹತ್ತರ ಬಲಕ್ಕೆ ಇಡುವ ರೂಢಿಯೂ ಇತ್ತು. ಎಡತುದಿಯಿಂದಲೇ ಎಣಿಸಿದರೆ 10 ಅಡಿ ತಪ್ಪುತ್ತದೆ.

ಇನ್ನು ಕೋಣೆಯೊಳಗೆ ಬರೆದ ಅಂಕಿ. 18.6 ಎಂದಿದ್ದರೆ ಅದು ದಶಮಾಂಶವಲ್ಲ, 18 ಅಡಿ 6 ಇಂಚು. ಅದನ್ನು ನೀವು ಸರಿಯಾಗಿಯೇ ಓದಿದ್ದೀರಿ. ಕಂಪ್ಯೂಟರಿಗೆ ಹಾಕುವಾಗ ಮಾತ್ರ 18.5 ಎಂದು ಹಾಕಬೇಕು. 18.10 ಎಂಬುದನ್ನು 18.1 ಎಂದು ಹಾಕಿ ಒಂಬತ್ತು ಇಂಚು ಕಳೆದುಕೊಳ್ಳುವವರೇ ಹೆಚ್ಚು.

ಅಗಲ ಸರಿ, ಉದ್ದ ತಪ್ಪು ಎನ್ನುವುದಕ್ಕೆ ಕಾರಣ ಕಾಗದ. ಕೈಯಿಂದ ಎತ್ತಿದ ಹಾಳೆ ಎರಡೂ ದಿಕ್ಕಿನಲ್ಲಿ ಒಂದೇ ಸಮ ಕುಗ್ಗುವುದಿಲ್ಲ, ಅಳತೆ ಪಟ್ಟಿ ಇರುವುದು ಒಂದೇ ದಿಕ್ಕಿನಲ್ಲಿ. 60 ಅಡಿಯ ಮನೆಗೆ ಶೇ. 1ರ ಕುಗ್ಗುವಿಕೆ ಎಂದರೆ ಏಳು ಇಂಚಿಗೂ ಹೆಚ್ಚು. ತಾಮ್ರಫಲಕದಿಂದ ಅಚ್ಚು ಹಾಕಿದ ಹಾಳೆಯಾದರೆ ಇನ್ನೂ ಎಚ್ಚರ ಬೇಕು. ಅದನ್ನು ಒದ್ದೆ ಮಾಡಿಯೇ ಅಚ್ಚು ಹಾಕುತ್ತಿದ್ದರು, ಒಣಗುವಾಗ ಅದು ಸೆಳೆದುಕೊಳ್ಳುತ್ತದೆ. ಪಟ್ಟಿಗೆ ಅಡ್ಡವಾದ ದಿಕ್ಕಿನಲ್ಲಿ ಬರೆದ ಅಂಕಿಗಳಿದ್ದರೆ ಅವುಗಳಿಂದಲೇ ಆ ದಿಕ್ಕಿಗೆ ಬೇರೆ ಅನುಪಾತ ಕಟ್ಟಿಕೊಳ್ಳಿ. ಬರೆದ ಅಂಕಿಗೂ ಅಳೆದ ಅಂಕಿಗೂ ಜಗಳವಾದರೆ ಬರೆದದ್ದನ್ನೇ ನಂಬಬೇಕು. ಮೇಸ್ತ್ರಿ ನಂಬುತ್ತಿದ್ದದ್ದೂ ಅದನ್ನೇ.

ಖರ್ಚಿನ ಕಾಗದಗಳನ್ನೂ ನೋಡುತ್ತಿದ್ದರೆ ಇನ್ನೊಂದು ಮಾತು. ಸ್ಕಾಟ್ಲೆಂಡಿನಲ್ಲಿ ಕಲ್ಲುಕೆಲಸವನ್ನು ‘ರೂಡ್’ ಲೆಕ್ಕದಲ್ಲಿ ಅಳೆಯುತ್ತಿದ್ದರು, ಒಂದು ರೂಡ್ ಅಂದರೆ 36 ಚದರ ‘ಎಲ್’. ಒಂದು ಎಲ್ ಸುಮಾರು 37 ಇಂಚು. ಇಂಗ್ಲೆಂಡಿನ ಜೊತೆಗಿನ 1707ರ ಒಕ್ಕೂಟದ ಒಪ್ಪಂದ ಇಂಗ್ಲಿಷ್ ಅಳತೆಗಳನ್ನು ತಂದರೂ ಹಳೆಯ ಲೆಕ್ಕ ಕೆಲಸದ ಜಾಗದಲ್ಲಿ ಬಹುಕಾಲ ಉಳಿಯಿತು. ಎಲ್ ಲೆಕ್ಕದ ರೂಡ್ ಸುಮಾರು 343 ಚದರಡಿ, ಗಜದ ಲೆಕ್ಕದ 36 ಚದರ ಗಜ 324 ಚದರಡಿ. ಹತ್ತಿರ ಶೇ. 6ರ ಅಂತರ. ನಕ್ಷೆಯಿಂದ ತೆಗೆದ ಗೋಡೆಯ ವಿಸ್ತೀರ್ಣಕ್ಕೂ ಬಿಲ್ಲಿಗೂ ಇಷ್ಟೇ ವ್ಯತ್ಯಾಸ ಕಂಡರೆ, ಮೋಸ ನಡೆದಿದೆ ಎಂದು ಬರೆಯುವ ಮುನ್ನ ಯಾವ ಅಳತೆ ಎಂದು ನೋಡಿ.

ಪ್ರಶ್ನೆ: ಗೋಡೆಗಳಿಗೆ ಒಂದು ಕಡೆ ಬೂದು, ಒಂದು ಕಡೆ ಕಪ್ಪು, ಕೆಲವೆಡೆ ಗುಲಾಬಿ ಬಣ್ಣ. ಇವಕ್ಕೆ ನಿಯಮ ಇತ್ತೇ?
— ಚಿತ್ರಕಲಾ ಶಿಕ್ಷಕರು, ದಾವಣಗೆರೆ

ಉತ್ತರ: ರೂಢಿ ಇತ್ತು, ಎಲ್ಲರೂ ಪಾಲಿಸಲೇಬೇಕಾದ ನಿಯಮ ಇರಲಿಲ್ಲ. ಹೊಸ ಮನೆಯ ಪ್ಲಾನಿನಲ್ಲಿ ಕತ್ತರಿಸಿದ ಗೋಡೆಗೆ ಬೂದು ಅಥವಾ ಕಪ್ಪು ವಾಶ್ (ನೀರಿನಲ್ಲಿ ತೆಳು ಮಾಡಿದ ಬಣ್ಣದ ಪದರ). ಇರುವ ಮನೆಗೆ ಸೇರ್ಪಡೆ ಮಾಡುವಾಗ ಹಳೆಯ ಗೋಡೆ ಕಪ್ಪು ಅಥವಾ ಬೂದು, ಹೊಸದು ಗುಲಾಬಿ ಅಥವಾ ಕೆಂಪು. ಸೆಕ್ಷನ್ನಿನಲ್ಲಿ (ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ) ಕತ್ತರಿಸಿದ ಕಲ್ಲು, ಇಟ್ಟಿಗೆಗೆ ಗುಲಾಬಿ, ತೊಲೆ ಜಂತೆಗಳಿಗೆ ಹಳದಿ ಬರುವುದುಂಟು. ಒಂದೇ ಮನೆಯ ಎಲ್ಲ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ಆ ಕಚೇರಿಯ ರೂಢಿ ಏನೆಂದು ಮೊದಲು ತಿಳಿದುಕೊಳ್ಳಿ. ಒಂದೇ ಹಾಳೆಯ ಗುಲಾಬಿ ನೋಡಿ ಇದು ಹೊಸ ಗೋಡೆ ಎಂದು ತೀರ್ಮಾನಿಸಬೇಡಿ.

ಚುಕ್ಕೆ ಗೆರೆಗಳು ಬಣ್ಣಕ್ಕಿಂತ ಹೆಚ್ಚು ಹೇಳುತ್ತವೆ. ನೆಲಮಾಳಿಗೆಯ ಪ್ಲಾನಿನಲ್ಲಿ ಮೂಲೆಯಿಂದ ಮೂಲೆಗೆ ಚುಕ್ಕೆಗಳು ಹಾದಿದ್ದರೆ ತಲೆಯ ಮೇಲೆ ಎರಡು ಕಮಾನುಗಳು ಕೂಡುವ ಕಲ್ಲಿನ ಚಾವಣಿ ಇದೆ ಎಂದರ್ಥ. ಗೋಡೆಯಲ್ಲಿ ಕಚ್ಚು ತೆಗೆದಂತೆ ಕಂಡರೆ ಅದು ಅಗ್ಗಿಷ್ಟಿಕೆ. ಕೆಳಗಿನ ಅಗ್ಗಿಷ್ಟಿಕೆಯ ಹೊಗೆಗೊಳವೆ ಮೇಲಿನ ಅಂತಸ್ತಿನ ಗೋಡೆಯೊಳಗೆ ಹಾದುಹೋಗಲೇಬೇಕು. ಮೇಲಿನ ಪ್ಲಾನಿನಲ್ಲಿ ಅದೇ ಜಾಗದಲ್ಲಿ ಬಾಗಿಲು ಬಿಡಿಸಿದ್ದರೆ ಆ ನಕ್ಷೆ ಇನ್ನೂ ಕಚ್ಚಾ ಹಂತದಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು.

ಇನ್ನೂ ಒಂದು: ಕೆಲವು ಹಾಳೆಗಳಲ್ಲಿ ಒಂದಂಚು ಮಾತ್ರ ಅಂಟಿಸಿದ ಮಡಚು ತುಂಡುಗಳಿರುತ್ತವೆ. ಮುಚ್ಚಿದರೆ ಒಂದು ವಿನ್ಯಾಸ, ಎತ್ತಿದರೆ ಇನ್ನೊಂದು. ಮಾಲೀಕರು ಆರಿಸಿಕೊಳ್ಳಲಿ ಎಂದು ಮಾಡಿದ್ದು. ಜಾಲತಾಣದ ಚಿತ್ರದಲ್ಲಿ ಒಂದು ಸ್ಥಿತಿ ಮಾತ್ರ ಬಂದಿರಬಹುದು. ಪ್ಲಾನಿನ ನಡುವೆ ತೆಳ್ಳನೆಯ ಆಯತದ ನೆರಳು ಕಂಡರೆ ಅದೇ ಸಂಖ್ಯೆಯಡಿ ಎರಡನೆಯ ಚಿತ್ರ ಇದೆಯೇ ಎಂದು ಹುಡುಕಿ.

ಪ್ರಶ್ನೆ: ಆಗ ಬ್ಲೂಪ್ರಿಂಟ್ ಇತ್ತೇ? ಮೇಸ್ತ್ರಿಗೆ ಪ್ರತಿ ಹೇಗೆ ಕೊಡುತ್ತಿದ್ದರು?
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಹಾವೇರಿ

ಉತ್ತರ: ಇರಲಿಲ್ಲ. ನೀಲಿ ಪ್ರತಿಯ ರಾಸಾಯನಿಕ ವಿಧಾನವನ್ನು ಜಾನ್ ಹರ್ಷೆಲ್ ಕಂಡುಹಿಡಿದದ್ದೇ 1842ರಲ್ಲಿ. ಮೂಲ ಹಾಳೆಯ ಕೆಳಗೆ ಖಾಲಿ ಹಾಳೆ ಇಟ್ಟು, ಗೋಡೆಯ ಪ್ರತಿ ಮೂಲೆಯಲ್ಲೂ ಸೂಜಿಯಿಂದ ಚುಚ್ಚಿ, ಕೆಳಗಿನ ಹಾಳೆಯಲ್ಲಿ ಬಿದ್ದ ತೂತುಗಳನ್ನು ಗೆರೆಯಿಂದ ಸೇರಿಸುತ್ತಿದ್ದರು. ಹಾಳೆಯ ಒಂದು ಬದಿಯಿಂದ ಬೆಳಕು ಓರೆಯಾಗಿ ಹಾಯಿಸಿದರೆ ಈ ತೂತುಗಳೂ, ಮಸಿಯಿಲ್ಲದೆ ಮೊನೆಯಿಂದ ಕೊರೆದ ಗೆರೆಗಳೂ ಎದ್ದು ಕಾಣುತ್ತವೆ. ಗೆರೆ ಇರುವ ಕಡೆಯೆಲ್ಲ ತೂತುಗಳಿದ್ದು ಕೊರೆದ ಗೆರೆ, ಪೆನ್ಸಿಲ್ ಗುರುತು ಏನೂ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಪ್ರತಿ.

ಕಾರ್ನಿಸ್ (ಗೋಡೆಯ ಮೇಲಂಚಿನ ಚಾಚು), ಕಿಟಕಿಯ ಚೌಕಟ್ಟುಗಳ ಅಚ್ಚುಗೆರೆಯನ್ನು ಇಂಚಿಗೆ 10 ಅಡಿಯ ನಕ್ಷೆಯಿಂದ ಕೆತ್ತಲಾಗದು. ಅದಕ್ಕೆ ನಿಜಗಾತ್ರದ ನಕ್ಷೆ ಬೇರೆಯೇ ಹೋಗುತ್ತಿತ್ತು. ಕಲ್ಲುಕುಟಿಗರು ಅದರಿಂದ ಹಲಗೆಯ ಮಾದರಿ ಕತ್ತರಿಸಿಕೊಳ್ಳುತ್ತಿದ್ದರು. ಗಾರೆ, ಮಳೆ, ಕೈಬೆವರಿನಲ್ಲಿ ಈ ಹಾಳೆಗಳು ಮುಗಿದುಹೋದವು. ಮನೆ ಕಟ್ಟಿದ ನಿಜವಾದ ದಾಖಲೆ ಅವೇ ಆಗಿದ್ದವು, ಉಳಿದದ್ದು ಮಾಲೀಕರಿಗೆ ತೋರಿಸಲು ಮಾಡಿದ ಅಂದದ ಹಾಳೆಗಳು. ನಮ್ಮ ತಿಳಿವಳಿಕೆಯೆಲ್ಲ ಆ ಕಡೆಗೆ ವಾಲಿದೆ ಎಂಬುದು ನೆನಪಿರಲಿ.

ಪ್ರಶ್ನೆ: ಇಲ್ಲೇ ಕೆಲಸದಲ್ಲಿರುವುದರಿಂದ ರಜೆಯಲ್ಲಿ ಹಳೆಯ ಮನೆಗಳನ್ನು ನೋಡಲು ಹೋಗುತ್ತೇನೆ. ನಕ್ಷೆಯಲ್ಲಿ ಇರುವ ರೆಕ್ಕೆಗಳು (ನಡುಮನೆಯ ಬದಿಗೆ ಚಾಚಿದ ಕಟ್ಟಡಗಳು) ಮನೆಯಲ್ಲಿಲ್ಲ. ಮನೆಯಲ್ಲಿರುವ ರೆಕ್ಕೆಗಳು ನಕ್ಷೆಯಲ್ಲಿಲ್ಲ. ಯಾವುದನ್ನು ನಂಬಲಿ?
— ಓದುಗರು, ಎಡಿನ್‌ಬರೋ

ಉತ್ತರ: ಎರಡನ್ನೂ ನಂಬಬಹುದು, ಎರಡೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ಬ್ಯಾನ್ಫ್‌ನ ಡಫ್ ಹೌಸ್ ತೆಗೆದುಕೊಳ್ಳಿ. ಇದು ವಿಲ್ಲಾ ಅಲ್ಲ, ಅರಮನೆಯಂಥ ಮನೆ. ಆದರೆ ಪಾಠ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. 1735ರಲ್ಲಿ ವಿಲಿಯಂ ಆಡಮ್ ಅದನ್ನು ಲಾರ್ಡ್ ಬ್ರೇಕೋ ಅವರಿಗಾಗಿ ಶುರುಮಾಡಿದರು. ಅಚ್ಚಾದ ಫಲಕದಲ್ಲಿ ಎರಡೂ ಬದಿಗೆ ಬಾಗಿದ ಕಂಬಸಾಲು, ಕೊನೆಗೆ ಪೆವಿಲಿಯನ್‌ಗಳಿವೆ. ದುಡ್ಡಿನ ವಿಚಾರದಲ್ಲಿ ಮಾಲೀಕರಿಗೂ ಆಡಮ್ ಅವರಿಗೂ ಮನಸ್ತಾಪ ಬಂದು ಕೋರ್ಟ್ ಹತ್ತಿದರು. ಕ್ವೀನ್ಸ್‌ಫೆರಿಯಲ್ಲಿ ಕೆತ್ತಿಸಿ ತಂದ ಕಲ್ಲುಗಳ ಬಿಲ್ಲೂ ಆ ಜಗಳದಲ್ಲಿತ್ತು. ಪೆವಿಲಿಯನ್‌ಗಳು ಏಳಲೇ ಇಲ್ಲ. ಇಂದು ನೀವು ನೋಡುವುದು ನಡುವಿನ ಎತ್ತರದ ಭಾಗ ಮಾತ್ರ. ಅಕ್ಕಪಕ್ಕದ ತಗ್ಗಾದ ಕಟ್ಟಡಗಳು ಇರುತ್ತವೆಂದು ಲೆಕ್ಕಹಾಕಿಯೇ ಅಷ್ಟು ಎತ್ತರ ಕೊಟ್ಟಿದ್ದರು. ಅವಿಲ್ಲದೆ ಮನೆ ಒಂಟಿಯಾಗಿ ನೀಳವಾಗಿ ಕಾಣುತ್ತದೆ.

ಆ ಫಲಕಗಳ ಕಥೆಯೂ ಗೊತ್ತಿರಬೇಕು. ‘ವಿಟ್ರುವಿಯಸ್ ಸ್ಕಾಟಿಕಸ್’ ಎಂಬ ಸಂಪುಟಕ್ಕೆಂದು ವಿಲಿಯಂ ಆಡಮ್ ತಮ್ಮ ಮತ್ತು ಇತರರ ಮನೆಗಳನ್ನು ತಾಮ್ರದ ಮೇಲೆ ಕೊರೆಸಿದ್ದರು. 1748ರಲ್ಲಿ ಅವರು ತೀರಿಕೊಂಡಾಗ ಪುಸ್ತಕ ಬಂದಿರಲಿಲ್ಲ. ಅದು ಹೊರಬಂದದ್ದು ಮೊಮ್ಮಗನ ಕಾಲದಲ್ಲಿ, 1812ರ ಸುಮಾರಿಗೆ. ಪುಸ್ತಕದ ವರ್ಷ ನೋಡಿ ಆಗ ಮನೆ ಹೀಗಿತ್ತು ಎಂದು ಹೇಳುವುದು ದೊಡ್ಡ ತಪ್ಪು. ಫಲಕ ತೋರಿಸುವುದು ಎಂಬತ್ತು ವರ್ಷ ಹಿಂದಿನ ಆಸೆಯನ್ನು.

ಇನ್ನು ಮನೆಯಲ್ಲಿದ್ದು ನಕ್ಷೆಯಲ್ಲಿಲ್ಲದ ರೆಕ್ಕೆಗಳು: ಎಡಿನ್‌ಬರೋದ ಪಶ್ಚಿಮಕ್ಕಿರುವ ನ್ಯೂಲಿಸ್ಟನ್ ನೋಡಿ. ವಿಲಿಯಂ ಅವರ ಮಗ ರಾಬರ್ಟ್ ಆಡಮ್ 1789ರಲ್ಲಿ ವಿನ್ಯಾಸ ಮಾಡಿದ ಅಚ್ಚುಕಟ್ಟಾದ ಮನೆಗೆ 1845ರಲ್ಲಿ ಡೇವಿಡ್ ಬ್ರೈಸ್ ರೆಕ್ಕೆಗಳನ್ನು ಕಟ್ಟಿದರು. ಮನೆ ಮುಂದೆ ನಿಂತಾಗ ಕಲ್ಲಿನ ಸಾಲುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಲ್ಲದೆ ಹಾದಿವೆಯೋ, ನೇರವಾದ ಸಂದು ಎಲ್ಲಾದರೂ ಇದೆಯೋ ನೋಡಿ. ಹೊಸ ಗೋಡೆ ಹಳೆಯದಕ್ಕೆ ತಾಗಿ ನಿಂತ ಜಾಗದಲ್ಲಿ ಸಾಮಾನ್ಯವಾಗಿ ಮೇಲಿಂದ ಕೆಳಗಿನವರೆಗೆ ಸಂದು ಸಿಗುತ್ತದೆ. ಗಿಲಾವು ಮೆತ್ತಿದ್ದರೆ ಸಿಗುವುದಿಲ್ಲ. ಆಗ ಒಳಗೆ ಹೋಗಿ ಬಾಗಿಲ ಪಡಿಯಲ್ಲಿ ಗೋಡೆಯ ದಪ್ಪ ಅಳೆಯಿರಿ. ಒಳಗೋಡೆ ಎನಿಸುವುದು ಮೂರು ಅಡಿ ದಪ್ಪ ಇದ್ದರೆ ಅದು ಒಂದು ಕಾಲಕ್ಕೆ ಹೊರಗೋಡೆ.

ಪ್ರಶ್ನೆ: ಹಳೆಯ ವಿಧಾನದಲ್ಲೇ ಒಂದು ವಿಲ್ಲಾದ ಪ್ಲಾನ್ ಮತ್ತು ಎಲಿವೇಶನ್ ಬರೆಯಬೇಕೆಂದಿದ್ದೇನೆ. ಎರಡು ಸಲ ಕಾಗದ ಉಬ್ಬಿತು, ವಾಶ್ ಕಲೆಯಾಯಿತು. ಕ್ರಮ ತಿಳಿಸಿ.
— ವಾಸ್ತುಶಿಲ್ಪ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಕಾಗದ ಉಬ್ಬಿದ್ದು ಅದನ್ನು ಬಿಗಿಯದೆ ಕೂತಿದ್ದರಿಂದ. 22×30 ಇಂಚಿನ, 300 ಜಿಎಸ್ಎಮ್‌ನ ಹತ್ತಿಯ ಕಾಗದ ತನ್ನಿ, ನುಣುಪು ಮೈಯದು (ಅಂಗಡಿಯಲ್ಲಿ ಹಾಟ್ ಪ್ರೆಸ್ ಎಂದು ಕೇಳಿ). ತಣ್ಣೀರಿನಲ್ಲಿ ನಾಲ್ಕೈದು ನಿಮಿಷ ನೆನೆಸಿ, ನೀರು ಇಳಿಸಿ, ದಪ್ಪ ಪ್ಲೈವುಡ್ ಹಲಗೆಯ ಮೇಲೆ ಹರಡಿ, ನಾಲ್ಕೂ ಅಂಚನ್ನು 5 ಸೆಂ.ಮೀ. ಅಗಲದ ಗೋಂದಿನ ಕಾಗದದ ಪಟ್ಟಿಯಿಂದ ಅಂಟಿಸಿ. ಅರ್ಧ ಪಟ್ಟಿ ಕಾಗದದ ಮೇಲೆ, ಅರ್ಧ ಹಲಗೆಯ ಮೇಲೆ. ಹಲಗೆಯನ್ನು ಮಲಗಿಸಿ ನೆರಳಲ್ಲಿ ರಾತ್ರಿಯಿಡೀ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಒಂದು ಬದಿ ಮೊದಲು ಎಳೆದುಕೊಂಡು ಪಟ್ಟಿ ಕಿತ್ತುಬರುತ್ತದೆ, ಓರೆಯಾಗಿ ನಿಲ್ಲಿಸಿದರೆ ನೀರು ಕೆಳಅಂಚಿಗೆ ಇಳಿದು ಅಲ್ಲಿಯ ಗೋಂದು ಕರಗುತ್ತದೆ. 18ನೇ ಶತಮಾನದವರು ಮಾಡುತ್ತಿದ್ದದ್ದೂ ಇದನ್ನೇ. ಪಟ್ಟಿಯ ಬದಲು ಹಾಳೆಯ ಅಂಚಿಗೇ ಅಂಟು ಹಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಅಂಚಿನ ಒಳಗೆ ಕತ್ತರಿಸಿ ಬಿಡಿಸಿಕೊಳ್ಳುವುದು.

60×45 ಅಡಿಯ ಮನೆಯನ್ನು ಇಂಚಿಗೆ 4 ಅಡಿಯಂತೆ ಬರೆದರೆ 15×11¼ ಇಂಚು ಬರುತ್ತದೆ, ನಿಮ್ಮ ಹಾಳೆಗೆ ಹೇಳಿ ಮಾಡಿಸಿದ ಗಾತ್ರ. ಮೊದಲ ಗೆರೆ ನಡುಗೆರೆ. ಬಾಗಿಲು, ಕಿಟಕಿ, ಗೋಡೆ ಎಲ್ಲದರ ದೂರವನ್ನೂ ನಡುಗೆರೆಯಿಂದಲೇ ಗುರುತಿಸಿ. ಒಂದು ಕೋಣೆಯ ಕೊನೆಯಿಂದ ಮುಂದಿನ ಕೋಣೆ ಅಳೆಯುತ್ತ ಹೋಗಬೇಡಿ. ಪ್ರತಿ ಸಲ ಅರ್ಧ ಮಿ.ಮೀ. ತಪ್ಪಿದರೆ ಆರು ಅಳತೆ ಹೊತ್ತಿಗೆ 3 ಮಿ.ಮೀ., ಈ ಅನುಪಾತದಲ್ಲಿ ಅದು ಸುಮಾರು ಆರು ಇಂಚಿನ ಗೋಡೆ. ಅಳತೆಗಳನ್ನು ಡಿವೈಡರಿನಿಂದ ತೆಗೆದು ಸೂಜಿಮೊನೆಯ ಗುರುತು ಮಾಡಿ, 2ಎಚ್ ಪೆನ್ಸಿಲಿನಿಂದ ಹಗುರಾಗಿ ಸೇರಿಸಿ.

ಕಂಬಗಳಿದ್ದರೆ ಅಂದಾಜಿನಿಂದ ಬರೆಯಬೇಡಿ. ಅಬರ್ಡೀನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಜೇಮ್ಸ್ ಗಿಬ್ಸ್ 1732ರಲ್ಲಿ ಕೊಟ್ಟ ಸುಲಭ ಲೆಕ್ಕ ಆ ಕಾಲದ ಕುಶಲಕರ್ಮಿಗಳ ಕೈಗೆ ಸಿಕ್ಕ ದೊಡ್ಡ ಅನುಕೂಲ: ಟಸ್ಕನ್ ಕಂಬದ ಎತ್ತರ ಅದರ ಬುಡದ ವ್ಯಾಸದ 7ರಷ್ಟು, ಡೋರಿಕ್ 8, ಅಯೋನಿಕ್ 9, ಕೊರಿಂಥಿಯನ್ 10. ಅಯೋನಿಕ್ ಕಂಬ 18 ಅಡಿ ಇದ್ದರೆ ಬುಡ 2 ಅಡಿ. ಹಳೆಯ ನಕ್ಷೆಯ ಅಳತೆ ಪಟ್ಟಿ ಹರಿದುಹೋಗಿದ್ದಾಗಲೂ ಮೇಲೆ ಹೇಳಿದ ಗೋಡೆಯ ದಪ್ಪದ ಪರೀಕ್ಷೆಯ ಜೊತೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಮಸಿಗೆ ಕಾಡಿಗೆಯ ಮಸಿಕಡ್ಡಿ ತೇಯ್ದದ್ದೇ ಒಳ್ಳೆಯದು. ರೂಲಿಂಗ್ ಪೆನ್ನಿನ (ಗೆರೆ ಎಳೆಯುವ ಪೆನ್ನು) ಎರಡು ಎಲೆಗಳ ನಡುವೆ ಕುಂಚದಿಂದ ಐದಾರು ಮಿ.ಮೀ. ಎತ್ತರಕ್ಕೆ ಮಸಿ ತುಂಬಿ. ಜಾಸ್ತಿಯಾದರೆ ಭಾರಕ್ಕೆ ಒಮ್ಮೆಲೇ ಇಳಿಯುತ್ತದೆ. ಎರಡೂ ಮೊನೆ ಒಟ್ಟಿಗೆ ಕಾಗದಕ್ಕೆ ತಾಗಬೇಕು, ಒಂದೇ ತಾಗಿದರೆ ಗೆರೆಯ ಒಂದು ಅಂಚು ಗರಗಸದಂತಾಗುತ್ತದೆ. ರೂಲರಿನ ಓರೆಯಂಚು ಕೆಳಮುಖವಾಗಿರಲಿ. ಅಂಚು ಕಾಗದಕ್ಕೆ ತಾಗಿದ್ದರೆ ಮಸಿ ಅದರಡಿ ನುಗ್ಗುತ್ತದೆ. ನಾಲ್ಕಾರು ಗೆರೆಗೊಮ್ಮೆ ಎಲೆಗಳ ಒಳಮೈ ಒರೆಸಿ. ಬೆಳಕು ಎಡಮೇಲಿಂದ ಬರುವುದರಿಂದ ಗೋಡೆಯ ಬಲ ಮತ್ತು ಕೆಳಗಿನ ಗೆರೆಯನ್ನು ತುಸು ದಪ್ಪ ಮಾಡಿ, ಪ್ಲಾನಿಗೆ ಉಬ್ಬು ಬರುತ್ತದೆ.

ವಾಶ್ ಕಲೆಯಾದದ್ದು ಅರೆಬರೆ ಒಣಗಿದ ಜಾಗಕ್ಕೆ ಮತ್ತೆ ಕುಂಚ ಹಾಕಿದ್ದರಿಂದ. ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿ ಅಂಚುಗಟ್ಟುತ್ತದೆ, ಅದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಮಸಿಯನ್ನು ಮೂರು ಬಟ್ಟಲಲ್ಲಿ ಮೂರು ಹದಕ್ಕೆ ತೆಳು ಮಾಡಿ, ಹತ್ತಿಬಟ್ಟೆಯಲ್ಲಿ ಸೋಸಿ. ಹಲಗೆಯನ್ನು 10–15 ಡಿಗ್ರಿ ಓರೆ ಮಾಡಿ. ತುಂಬಿದ ಕುಂಚದಿಂದ ಮೇಲಿನ ಅಂಚಿನಲ್ಲಿ ಒಂದು ಸಾಲು ಎಳೆದರೆ ಕೆಳಗೆ ನೀರಿನ ದಾರ ನಿಲ್ಲುತ್ತದೆ. ಅದನ್ನು ಒಡೆಯದೆ ಸಾಲುಸಾಲಾಗಿ ಕೆಳಕ್ಕೆ ತಂದು, ಕೊನೆಯಲ್ಲಿ ಹಿಂಡಿದ ಕುಂಚದಿಂದ ಹೀರಿಕೊಳ್ಳಿ. ಕಪ್ಪು ಒಂದೇ ಸಲ ಬರಲಿ ಎಂಬ ಆತುರ ಬೇಡ. ತೆಳುವಾದ ಎರಡು ಮೂರು ಪದರ, ಪ್ರತಿ ಪದರದ ನಡುವೆ ಪೂರ್ತಿ ಒಣಗಲಿ. ಮಸಿಕಡ್ಡಿಯ ಗೆರೆಯ ಮೇಲೆ ಕುಂಚ ಮತ್ತೆ ಮತ್ತೆ ಆಡಿದರೆ ಗೆರೆ ಕದಡುತ್ತದೆ. ಅದಕ್ಕೆ ಮೊದಲು ತೆಳು ಗೆರೆ, ಆಮೇಲೆ ವಾಶ್, ಕೊನೆಗೆ ಗಟ್ಟಿ ಗೆರೆ ಎಂಬ ಕ್ರಮ ನಮಗೆ ಹೆಚ್ಚು ಸುರಕ್ಷಿತ ಅನಿಸಿದೆ.

ಎಲಿವೇಶನ್ನಿನ ನೆರಳಿಗೆ ಕಟ್ಟುನಿಟ್ಟಾದ ಲೆಕ್ಕವಿದೆ. ಬೆಳಕು ಎಡ ಮೇಲ್ಮೂಲೆಯಿಂದ, ಪ್ಲಾನಿನಲ್ಲೂ ಎಲಿವೇಶನ್ನಿನಲ್ಲೂ 45 ಡಿಗ್ರಿಯಲ್ಲಿ ಬೀಳುತ್ತದೆ ಎಂಬುದು ಒಪ್ಪಿಕೊಂಡ ಮಾತು. ಗೋಡೆಯಿಂದ 2 ಅಡಿ ಮುಂಚಾಚಿದ ಕಾರ್ನಿಸಿನ ನೆರಳು ಗೋಡೆಯ ಮೇಲೆ 2 ಅಡಿ ಕೆಳಕ್ಕೆ ಇಳಿಯುತ್ತದೆ. ಕಿಟಕಿ 6 ಇಂಚು ಒಳಗಿದ್ದರೆ ಅದರ ಎಡಬದಿಯಲ್ಲೂ ಮೇಲೂ 6 ಇಂಚಿನ ನೆರಳು. ಇದನ್ನೇ ತಿರುಗಿಸಿದರೆ ಹಳೆಯ ನಕ್ಷೆಯಲ್ಲಿ ನೆರಳನ್ನು ಅಳೆದು ಯಾವ ಭಾಗ ಎಷ್ಟು ಮುಂಚಾಚಿದೆ ಎಂದು ಪ್ಲಾನ್ ಇಲ್ಲದೆಯೂ ತಿಳಿಯಬಹುದು. ಕೆಲವರು ನೆರಳನ್ನು ಕಣ್ಣಂದಾಜಿನಲ್ಲಿ ಹಾಕಿದ್ದಾರೆ. ಎರಡು ಮೂರು ಕಿಟಕಿಗಳ ನೆರಳು ಒಂದೇ ಅಗಲ ಇದೆಯೇ ಎಂದು ನೋಡಿಕೊಂಡು ಆಮೇಲೆ ಲೆಕ್ಕಕ್ಕೆ ಇಳಿಯಿರಿ.

ಪ್ರಶ್ನೆ: ತಾರೀಖಿಲ್ಲದ ನಕ್ಷೆಯ ಕಾಲ ಹೇಳುವುದು ಹೇಗೆ?
— ಇತಿಹಾಸ ಉಪನ್ಯಾಸಕಿ, ಹಾಸನ

ಉತ್ತರ: ಹಾಳೆಯನ್ನು ಬೆಳಕಿಗೆ ಹಿಡಿದ ಚಿತ್ರ ಸಿಗುತ್ತದೆಯೇ ಎಂದು ಸಂಗ್ರಹಾಲಯವನ್ನು ಕೇಳಿ. ಒತ್ತಾದ ಸಣ್ಣ ಗೆರೆಗಳು, ಅವಕ್ಕೆ ಅಡ್ಡವಾಗಿ ಸುಮಾರು 25 ಮಿ.ಮೀ.ಗೊಂದು ಗೆರೆ ಕಂಡರೆ ಅದು ಹಳೆಯ ಬಗೆಯ ತಂತಿಗೆರೆಯ ಕಾಗದ. ಗೆರೆಯಿಲ್ಲದ ಸಮಮೈಯ ಕಾಗದವನ್ನು ಜೇಮ್ಸ್ ವಾಟ್‌ಮನ್ ಇಂಗ್ಲೆಂಡಿನಲ್ಲಿ ತಯಾರಿಸಿದ್ದು 1750ರ ದಶಕದಲ್ಲಿ, ನಕ್ಷೆಗೆ ಅದರ ಬಳಕೆ ಹೆಚ್ಚಿದ್ದು ಆಮೇಲೆ. ಅಂಥ ಹಾಳೆಯನ್ನು 1730ರದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀರಚ್ಚಿನಲ್ಲೇ (ವಾಟರ್‌ಮಾರ್ಕ್) 1794 ಅಥವಾ ಅನಂತರದ ಇಸವಿ ಇದ್ದರೆ ಆ ವರ್ಷ ಬಂದ ಸುಂಕದ ಕಾಯ್ದೆ ಅದಕ್ಕೆ ಕಾರಣ. ಕಾಗದ ಹೇಳುವುದು ನಕ್ಷೆ ಇದಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ. ಉಳಿದ ಹಾಳೆಯನ್ನು ಹತ್ತು ವರ್ಷದ ಮೇಲೂ ಬಳಸಿರಬಹುದು.

ತಾರೀಖು ಇದ್ದರೂ ಒಂದು ತೊಡಕಿದೆ. ಸ್ಕಾಟ್ಲೆಂಡಿನಲ್ಲಿ 1600ರಿಂದಲೇ ಹೊಸ ವರ್ಷ ಜನವರಿ 1ಕ್ಕೆ. ಇಂಗ್ಲೆಂಡಿನಲ್ಲಿ 1751ರವರೆಗೂ ಮಾರ್ಚ್ 25ಕ್ಕೆ. ಫೆಬ್ರವರಿ 1724 ಎಂದು ಎಡಿನ್‌ಬರೋದಲ್ಲಿ ಬರೆದದ್ದು 1724ರದೇ. ಲಂಡನ್ನಿನಲ್ಲಿ ಬರೆದದ್ದಾದರೆ ನಮ್ಮ ಲೆಕ್ಕದಲ್ಲಿ 1725. ವಿನ್ಯಾಸ ಮೊದಲೋ ಪತ್ರ ಮೊದಲೋ ಎಂಬ ಚರ್ಚೆಗಳು ಇದೊಂದರಿಂದ ತಲೆಕೆಳಗಾಗುತ್ತವೆ.

ಪ್ರಶ್ನೆ: ಈ ಪರಂಪರೆಗೂ ಮೈಸೂರಿಗೂ ಏನಾದರೂ ಸಂಬಂಧ ಇದೆಯೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ವಿಲ್ಲಾ ನಕ್ಷೆಗಳಿಗೆ ನೇರ ಸಂಬಂಧ ಇಲ್ಲ. 1799ರ ಅನಂತರ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವರು. ಅವರು ಮಾಡಿಸಿದ್ದು ನಾಡಿನ ನಕ್ಷೆಗಳು, ಮನೆಯ ನಕ್ಷೆಗಳಲ್ಲ. ಅಳತೆ ಪಟ್ಟಿ, ವಾಶ್, ರೂಲಿಂಗ್ ಪೆನ್ನಿನ ಗೆರೆ ಓದಲು ಕಲಿತವರಿಗೆ ಆ ಹಾಳೆಗಳೂ ಸುಲಭವಾಗಿ ತೆರೆದುಕೊಳ್ಳುತ್ತವೆ.

ಪ್ರಶ್ನೆ: ಹಳೆಯ ನಕ್ಷೆಯಲ್ಲಿ ಗೆರೆ ಇದ್ದ ಜಾಗದಲ್ಲೇ ಕಾಗದ ಸುಟ್ಟಂತೆ ಸೀಳಿದೆ. ಮಸಿ ಏಕೆ ಹೀಗೆ ಮಾಡುತ್ತದೆ? ಲ್ಯಾಮಿನೇಶನ್ ಮಾಡಿಸಬಹುದೇ?
— ಹಳೆಯ ಕಾಗದಗಳ ಸಂಗ್ರಾಹಕರು, ಬೆಂಗಳೂರು

ಉತ್ತರ: ಲ್ಯಾಮಿನೇಶನ್ ಖಂಡಿತ ಬೇಡ, ಬಿಸಿ ಮತ್ತು ಅಂಟು ಎರಡೂ ಹಾಳೆಯನ್ನು ಕೊಲ್ಲುತ್ತವೆ, ತಿರುಗಿ ಬಿಡಿಸಲು ಬರುವುದಿಲ್ಲ. ಸೆಲ್ಲೋ ಟೇಪೂ ಬೇಡ.

ಆ ಮಸಿ ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ), ಗೋಂದು, ನೀರು ಸೇರಿಸಿ ಮಾಡಿದ್ದು. ಬರೆದಾಗ ತೆಳುವಾಗಿದ್ದು ಗಾಳಿಗೆ ಕಪ್ಪಾಗುತ್ತದೆ, ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಅನ್ನಭೇದಿ ಹೆಚ್ಚಾಗಿದ್ದರೆ ಮಿಕ್ಕ ಕಬ್ಬಿಣದ ಅಂಶ ಮತ್ತು ಆಮ್ಲ ಎರಡೂ ಸೇರಿ ಕಾಗದದ ನಾರನ್ನು ತಿನ್ನುತ್ತವೆ. ದಪ್ಪ ಗೆರೆ, ಗೆರೆಗಳು ಕೂಡುವ ಮೂಲೆ, ಅಕ್ಷರದ ಒತ್ತು ಮೊದಲು ಸೀಳುವುದು ಅದಕ್ಕೇ. ಕಾಡಿಗೆಯ ಮಸಿಗೆ ಈ ರೋಗ ಇಲ್ಲ. ಒಂದೇ ಹಾಳೆಯಲ್ಲಿ ವಾಶ್ ಚೆನ್ನಾಗಿದ್ದು ಬರಹ ಮಾತ್ರ ಕಂದಿ ಸೀಳಿದ್ದರೆ ಎರಡು ಬಗೆಯ ಮಸಿ ಬಳಸಿದ್ದಾರೆ ಎಂದು ತಿಳಿಯಿರಿ. ತಾಮ್ರದ ಹಸಿರು ಬಣ್ಣವೂ ಹೀಗೇ ಕಾಗದ ತಿನ್ನುತ್ತದೆ, ತೋಟದ ನಕ್ಷೆಗಳಲ್ಲಿ ಹುಲ್ಲುಹಾಸಿನ ಜಾಗ ಗಮನಿಸಿ.

ನೀರು ತಾಗಿಸಬೇಡಿ. ನೀರಿನಲ್ಲಿ ಕಬ್ಬಿಣದ ಅಂಶ ಹರಡಿ ಗೆರೆಯ ಸುತ್ತ ಕಂದು ವಲಯ ಮೂಡುತ್ತದೆ, ಚೆನ್ನಾಗಿದ್ದ ಕಾಗದವೂ ಹಾಳಾಗುತ್ತದೆ. ಇದಕ್ಕೆ ಕ್ಯಾಲ್ಸಿಯಂ ಫೈಟೇಟ್, ಆಮೇಲೆ ಕ್ಯಾಲ್ಸಿಯಂ ಬೈಕಾರ್ಬನೇಟ್ ದ್ರಾವಣದ ಚಿಕಿತ್ಸೆ ಇದೆ. ತರಬೇತಿ ಪಡೆದ ಸಂರಕ್ಷಕರೇ ಮಾಡಬೇಕು. ಮನೆಯಲ್ಲಿ ನೀವು ಮಾಡಬಹುದಾದ್ದು: ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಮಡಚದೆ ಮಲಗಿಸಿಡಿ, ಗೋಡೆಗೆ ತಾಗಿದ ಕಪಾಟು ಬೇಡ, ಗಾಳಿಯ ತೇವ ಶೇ. 50ರ ಆಸುಪಾಸು ಇರಲಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಟ್ಟು ಒಮ್ಮೆಲೇ ಒಣಗಿಸಬೇಡಿ. ಮಸಿ ತಿಂದ ಗೆರೆ ಆ ಸೆಳೆತಕ್ಕೇ ಬಿರಿಯುತ್ತದೆ. ಪ್ರದರ್ಶನಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ.

ಪ್ರಶ್ನೆ: ಬಿಡಿ ಹಾಳೆ ಕೈನಕ್ಷೆಯೋ ಅಚ್ಚೋ ಎಂದು ತಿಳಿಯುವ ಸುಲಭ ದಾರಿ?
— ಓದುಗರು, ಮಂಗಳೂರು

ಉತ್ತರ: ಸುತ್ತ ತಾಮ್ರಫಲಕ ಒತ್ತಿದ ಆಯತದ ತಗ್ಗು ಇದ್ದರೆ ಅಚ್ಚು. ಅಂಚು ಕತ್ತರಿಸಿದ್ದರೆ 10 ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ: ತಾಮ್ರದಚ್ಚಿನ ಮಸಿ ಕಾಗದದ ಮೇಲೆ ದಿಬ್ಬದಂತೆ ನಿಲ್ಲುತ್ತದೆ, ಬೂದು ಛಾಯೆ ಎಲ್ಲ ಒತ್ತು ಗೆರೆಗಳಿಂದ ಬಂದಿರುತ್ತದೆ. ಬಣ್ಣ ಸಣ್ಣ ಚುಕ್ಕೆಗಳಾಗಿ ಒಡೆದರೆ ಅದು ನಮ್ಮ ಕಾಲದ ಮರುಮುದ್ರಣ. ಕೈನಕ್ಷೆಯಲ್ಲಿ ಕೈವಾರದ ಮೊನೆಯ ತೂತು, ಮಸಿಯಡಿಯ ಪೆನ್ಸಿಲ್ ಗೆರೆ, ಮೂಲೆ ದಾಟಿ ಹೋದ ತೆಳುಗೆರೆ ಇವುಗಳಲ್ಲಿ ಒಂದಾದರೂ ಸಿಗಬೇಕು.

ಪ್ರಶ್ನೆ: ನೋಡಲು ಎಲ್ಲಿಂದ ಶುರುಮಾಡಲಿ?
— ಹಲವು ಓದುಗರು

ಉತ್ತರ: ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಂ. ರಾಬರ್ಟ್ ಮತ್ತು ಜೇಮ್ಸ್ ಆಡಮ್ ಸಹೋದರರ ಕಚೇರಿಯ ಸುಮಾರು 9,000 ನಕ್ಷೆಗಳನ್ನು ವಾಸ್ತುಶಿಲ್ಪಿ ಸೋನ್ 1833ರಲ್ಲಿ 200 ಪೌಂಡಿಗೆ ಕೊಂಡರು. ಅದರಲ್ಲಿ ಎಡಿನ್‌ಬರೋದ ಲಿಬರ್ಟನ್ ಬಳಿಯ ಸನ್ನಿಸೈಡ್‌ನಂಥ ಪುಟ್ಟ ವಿಲ್ಲಾದಿಂದ ಹಿಡಿದು ಕಲೇನ್ ಕೋಟೆಯವರೆಗೆ ಎಲ್ಲ ಇದೆ. ಸನ್ನಿಸೈಡ್‌ನಿಂದ ಶುರುಮಾಡಿ, ಚಿಕ್ಕ ಮನೆಯಾದ್ದರಿಂದ ಪ್ಲಾನೂ ಎಲಿವೇಶನ್ನೂ ಒಟ್ಟಿಗೆ ಮನಸ್ಸಿಗೆ ಹತ್ತುತ್ತದೆ. ಮನೆತನಗಳ ಪತ್ರ, ಬಿಲ್ಲುಗಳ ಜೊತೆಗಿರುವ ನಕ್ಷೆಗಳಿಗೆ ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ನೋಡಬೇಕು; ಅಲ್ಲಿ ನಕ್ಷೆಗಳಿಗೆ ಆರ್‌ಎಚ್‌ಪಿ ಎಂದು ಶುರುವಾಗುವ ಸಂಖ್ಯೆ, ಪೆನಿಕುಕ್‌ನ ಕ್ಲಾರ್ಕ್ ಮನೆತನದ ಕಾಗದಗಳಿಗೆ ಜಿಡಿ18. ಇಂದಿನ ಕಟ್ಟಡದ ಫೋಟೋ ಮತ್ತು ಸರ್ವೆಗೆ ಹಿಸ್ಟಾರಿಕ್ ಎನ್ವಿರಾನ್ಮೆಂಟ್ ಸ್ಕಾಟ್ಲೆಂಡ್. ಹುಡುಕುವಾಗ ಮನೆಯ ಇಂದಿನ ಹೆಸರಷ್ಟೇ ಹಾಕಬೇಡಿ: ಸನ್ನಿಸೈಡ್ ಈಗ ಕಿಂಗ್‌ಸ್ಟನ್ ಗ್ರೇಂಜ್, ನಕ್ಷೆಗಳ ಪಟ್ಟಿಯಲ್ಲಿರುವುದು ಹಳೆಯ ಹೆಸರು.